ಗಣಪತಿ ಹಬ್ಬವೂ ಹರಿಕೇನ್ ಕಾಲವೂ: ಮನೆ ಸಜ್ಜು ಮಾಡಿಕೊಳ್ಳುವ ಬಗೆ

2017ರಲ್ಲಿ ಗಣಪತಿ ಹಬ್ಬ ಆಗಸ್ಟ್ 25ಕ್ಕೆ ಬಂದಿತ್ತು. ಶುಕ್ರವಾರ. ಹ್ಯೂಸ್ಟನ್ ಪಶ್ಚಿಮಕ್ಕಿರುವ ನಮ್ಮ ಮನೆಯಲ್ಲಿ ಕಡುಬು ಬೆಂದಿತ್ತು, ಪೂಜೆ ಮುಗಿದಿತ್ತು, ಟಿವಿಯಲ್ಲಿ ಮಾತ್ರ ಒಂದೇ ಸುದ್ದಿ. ಆ ರಾತ್ರಿ ಹಾರ್ವಿ ಅನ್ನುವ ಹರಿಕೇನ್, ಅಂದರೆ ಅಟ್ಲಾಂಟಿಕ್ ಕಡೆಯ ಚಂಡಮಾರುತ, ಟೆಕ್ಸಸ್‌ನ ರಾಕ್‌ಪೋರ್ಟ್ ಹತ್ತಿರ ದಡಕ್ಕೆ ಬಂತು. ನಮಗೆ ಅದು ಸುಮಾರು ಇನ್ನೂರು ಮೈಲಿ ದೂರ. ತೀರ್ಥಹಳ್ಳಿಯಿಂದ ಬಂದಿದ್ದ ನಮ್ಮ ಅತ್ತೆ ಕಿಟಕಿಯಲ್ಲಿ ನೋಡಿ, "ಇಷ್ಟಕ್ಕೇ ಇಷ್ಟು ಗಾಬರಿಯೇನೇ? ಇದಕ್ಕಿಂತ ಜೋರು ಮಳೆ ನಮ್ಮೂರಲ್ಲಿ ಆಷಾಢದಲ್ಲಿ ದಿನಾ ಬರುತ್ತೆ" ಅಂದರು. ನಾವೂ ನಕ್ಕೆವು.

ಭಾನುವಾರ ಬೆಳಿಗ್ಗೆ ರಸ್ತೆ ಕಾಣಲಿಲ್ಲ. ಆ ವರ್ಷ ಗಣಪತಿ ಬಿಡಲು ಕೆರೆ ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಕೆರೆಯೇ ಬಾಗಿಲಿಗೆ ಬಂದಿತ್ತು.

ಟೆಕ್ಸಸ್‌ನ ನೆಡರ್‌ಲೆಂಡ್ ಎಂಬ ಊರಲ್ಲಿ ಆ ಕೆಲವೇ ದಿನಗಳಲ್ಲಿ 60 ಇಂಚು ದಾಟಿ ಮಳೆಯಾಯಿತು. ಬೆಂಗಳೂರಿಗೆ ಇಡೀ ವರ್ಷ ಬೀಳುವ ಮಳೆಯ ಒಂದೂವರೆ ಪಟ್ಟು. ಮಲೆನಾಡಲ್ಲಿ ಇದಕ್ಕಿಂತ ಜಾಸ್ತಿ ಮಳೆ ಬೀಳುತ್ತದೆ, ನಿಜ. ಆದರೆ ಅಲ್ಲಿ ಇಳಿಜಾರಿದೆ, ಹಳ್ಳವಿದೆ, ನೀರು ಓಡುತ್ತದೆ. ಇಲ್ಲಿ ನೆಲ ತಟ್ಟೆಯ ಹಾಗೆ ಚಪ್ಪಟೆ. ಬಿದ್ದ ನೀರಿಗೆ ಹೋಗಲು ದಾರಿಯಿಲ್ಲ.

ಟೆಕ್ಸಸ್, ಲೂಸಿಯಾನಾ, ಫ್ಲೋರಿಡಾ ಕಡೆಗೆ ಹೊಸದಾಗಿ ಬಂದ ಕನ್ನಡದ ಮನೆಗಳಿಗೆ ಇದನ್ನು ಬರೆಯುತ್ತಿದ್ದೇನೆ. ಅಟ್ಲಾಂಟಿಕ್‌ನ ಹರಿಕೇನ್ ಕಾಲ ಜೂನ್ 1ರಿಂದ ನವೆಂಬರ್ 30. ಅದರ ತುದಿ ಸೆಪ್ಟೆಂಬರ್ 10ರ ಆಸುಪಾಸು. ನಮ್ಮ ಗೌರಿ-ಗಣೇಶದಿಂದ ನವರಾತ್ರಿವರೆಗಿನ ಹಬ್ಬದ ಸಾಲು ಕರಾರುವಾಕ್ಕಾಗಿ ಅಲ್ಲೇ ಬರುತ್ತದೆ. 2022ರಲ್ಲಿ ಇಯಾನ್ ಫ್ಲೋರಿಡಾಕ್ಕೆ ಬಂದದ್ದು ನವರಾತ್ರಿಯ ಮೂರನೇ ದಿನ. 2024ರ ಮಿಲ್ಟನ್ ಕೂಡ ನವರಾತ್ರಿಯಲ್ಲೇ. ಊರಿಂದ ಅಪ್ಪ ಅಮ್ಮ ಬಂದಿರುವುದೂ ಸಾಮಾನ್ಯವಾಗಿ ಈ ತಿಂಗಳುಗಳಲ್ಲೇ, ಅಲ್ವಾ?

ಅಂಗಡಿಗೆ ಓಡಿ ನೀರು, ಬ್ರೆಡ್ ತರುವುದನ್ನೇ ಎಲ್ಲರೂ ತಯಾರಿ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಕೊನೆಯ ಕೆಲಸ. ದುಡ್ಡು ಉಳಿಸುವ, ಜೀವ ಉಳಿಸುವ ಕೆಲಸಗಳೆಲ್ಲ ಬಿರುಗಾಳಿಗೆ ಹೆಸರು ಬೀಳುವ ಮೊದಲೇ, ಬಿಸಿಲಿರುವಾಗಲೇ ಮುಗಿಯಬೇಕು.

ಹೆಜ್ಜೆ 1: ನಿಮ್ಮ ವಿಳಾಸದ ಜಾತಕ ನೋಡಿ

ಎರಡು ಬೇರೆ ಬೇರೆ ನಕ್ಷೆಗಳಿವೆ. ಜನ ಇವೆರಡನ್ನೂ ಕಲಸಿಬಿಡುತ್ತಾರೆ.

ಒಂದು, ಫ್ಲಡ್ ಝೋನ್. ಇದು ಇನ್ಶೂರೆನ್ಸ್‌ಗೆ, ಮನೆ ಸಾಲಕ್ಕೆ ಸಂಬಂಧಿಸಿದ್ದು. ಇನ್ನೊಂದು, ಇವ್ಯಾಕ್ಯುಯೇಷನ್ ಝೋನ್. ಕಡಲು ಒಳಗೆ ನುಗ್ಗಿದರೆ ಯಾರು ಮೊದಲು ಮನೆ ಬಿಡಬೇಕು ಅನ್ನುವುದಕ್ಕೆ ಇದು. ಫ್ಲೋರಿಡಾದಲ್ಲಿ ಇದಕ್ಕೆ ಎ, ಬಿ, ಸಿ ಎಂದು ಅಕ್ಷರಗಳಿವೆ. ಎ ಅಂದರೆ ಮೊದಲು ಹೊರಡುವವರು. ಹ್ಯೂಸ್ಟನ್-ಗ್ಯಾಲ್ವೆಸ್ಟನ್ ಕಡೆ ಪಿನ್‌ಕೋಡ್ ಲೆಕ್ಕದಲ್ಲಿ ಝೋನ್ ಮಾಡಿದ್ದಾರೆ. ನಿಮ್ಮ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ವೆಬ್‌ಸೈಟಿನಲ್ಲಿ ವಿಳಾಸ ಹಾಕಿದರೆ ಎರಡು ನಿಮಿಷದಲ್ಲಿ ಸಿಗುತ್ತದೆ. ಸಿಕ್ಕಿದ ಅಕ್ಷರವನ್ನು ಫ್ರಿಜ್ ಬಾಗಿಲ ಮೇಲೆ ಬರೆದು ಅಂಟಿಸಿ.

ನಾವು ಮನೆ ಕೊಳ್ಳುವಾಗ ಏಜೆಂಟ್ ಹೇಳಿದ ಮಾತು ಇನ್ನೂ ನೆನಪಿದೆ: "ಇದು ಫ್ಲಡ್ ಝೋನ್ ಅಲ್ಲ, ನಿಶ್ಚಿಂತೆಯಿಂದಿರಿ." ಹಾರ್ವಿಯಲ್ಲಿ ಮುಳುಗಿದ ಎಷ್ಟೋ ಮನೆಗಳು 'ಫ್ಲಡ್ ಝೋನ್ ಅಲ್ಲ'ದವೇ. ಪಶ್ಚಿಮ ಹ್ಯೂಸ್ಟನ್‌ನಲ್ಲಿ ಆಡಿಕ್ಸ್, ಬಾರ್ಕರ್ ಅಂತ 1940ರ ದಶಕದ ಎರಡು ದೊಡ್ಡ ಕಟ್ಟೆಗಳಿವೆ. ಬೇರೆ ದಿನಗಳಲ್ಲಿ ಒಣಗಿರುತ್ತವೆ, ಒಳಗೆ ಪಾರ್ಕುಗಳಿವೆ. ತುಂಬಿದರೆ ನೀರು ಎಲ್ಲಿಯವರೆಗೆ ನಿಲ್ಲಬಹುದೋ ಆ ಜಾಗದಲ್ಲೇ ಬಡಾವಣೆಗಳು ಎದ್ದಿದ್ದವು. ಅಲ್ಲಿದ್ದ ಬಹಳ ಮಂದಿಗೆ ತಾವು ಕೆರೆಯಂಗಳದಲ್ಲಿದ್ದೇವೆ ಅಂತಲೇ ಗೊತ್ತಿರಲಿಲ್ಲ. ಆಮೇಲೆ ಕಟ್ಟೆ ಉಳಿಸಲು ನೀರು ಬಿಟ್ಟಾಗ ಕೆಳಗಿನವರ ಮನೆಗೂ ನುಗ್ಗಿತು. ಆದ್ದರಿಂದ ನಕ್ಷೆ ನೋಡಿದ ಮೇಲೆ, ಹಳೆಯ ಅಕ್ಕಪಕ್ಕದವರನ್ನೂ ಒಮ್ಮೆ ಕೇಳಿ: "2017ರಲ್ಲಿ ಈ ಬೀದಿಗೆ ನೀರು ಎಲ್ಲಿವರೆಗೆ ಬಂದಿತ್ತು?" ನಕ್ಷೆಗಿಂತ ಅವರ ಬೆರಳು ಸರಿಯಾಗಿ ತೋರಿಸುತ್ತದೆ.

ಹೆಜ್ಜೆ 2: ಇನ್ಶೂರೆನ್ಸ್, ಏಪ್ರಿಲ್‌ನಲ್ಲೇ

ಮನೆಯ ಮಾಮೂಲಿ ಇನ್ಶೂರೆನ್ಸ್ ಪ್ರವಾಹದ ನೀರಿಗೆ ಒಂದು ಡಾಲರೂ ಕೊಡುವುದಿಲ್ಲ. ಗಾಳಿಗೆ ಸೂರು ಹಾರಿ ಮಳೆ ಒಳಗೆ ಬಂದರೆ ಒಂದು ಲೆಕ್ಕ. ರಸ್ತೆಯಿಂದ ನೀರು ಏರಿ ಬಾಗಿಲ ಸಂದಿಯಲ್ಲಿ ಬಂದರೆ ಇನ್ನೊಂದು ಲೆಕ್ಕ. ಎರಡನೆಯದಕ್ಕೆ ಬೇರೆ ಫ್ಲಡ್ ಪಾಲಿಸಿ ಬೇಕು.

ಕೇಂದ್ರ ಸರಕಾರದ ಫ್ಲಡ್ ಇನ್ಶೂರೆನ್ಸ್ ಯೋಜನೆಯಲ್ಲಿ ಮನೆ ಕಟ್ಟಡಕ್ಕೆ ಹೆಚ್ಚೆಂದರೆ 2,50,000 ಡಾಲರ್, ಒಳಗಿನ ಸಾಮಾನಿಗೆ 1,00,000 ಡಾಲರ್ ಸಿಗುತ್ತದೆ. ಕಟ್ಟಡ, ಸಾಮಾನು ಎರಡಕ್ಕೂ ಬೇರೆ ಬೇರೆಯಾಗಿ ಕೇಳಬೇಕು. ಸುಮಾರು ಜನ ಕಟ್ಟಡಕ್ಕೆ ಮಾತ್ರ ಮಾಡಿಸಿ, ಸೋಫಾ ಹೋದಾಗ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಬಾಡಿಗೆಯವರೂ ಸಾಮಾನಿಗೆ ಪಾಲಿಸಿ ಕೊಳ್ಳಬಹುದು.

ಎಲ್ಲಕ್ಕಿಂತ ಮುಖ್ಯ: ಪಾಲಿಸಿ ಕೊಂಡ ಮೇಲೆ ಸಾಮಾನ್ಯವಾಗಿ 30 ದಿನ ಕಾಯಬೇಕು, ಆಮೇಲಷ್ಟೇ ಅದಕ್ಕೆ ಜೀವ. ಬಿರುಗಾಳಿ ಟಿವಿಯಲ್ಲಿ ಕಂಡ ದಿನ ಫೋನ್ ಮಾಡಿದರೆ ಪ್ರಯೋಜನವಿಲ್ಲ. ಗಾಳಿಯ ಪಾಲಿಸಿಯಲ್ಲೂ ಹೀಗೇ. ಹೆಸರಿಟ್ಟ ಬಿರುಗಾಳಿ ಹತ್ತಿರ ಬಂದರೆ ಕಂಪನಿಗಳು ಹೊಸ ಪಾಲಿಸಿ ಬರೆಯುವುದನ್ನೇ ನಿಲ್ಲಿಸುತ್ತವೆ.

ಇರುವ ಪಾಲಿಸಿಯಲ್ಲಿ 'ಹರಿಕೇನ್ ಡಿಡಕ್ಟಿಬಲ್' ಅನ್ನುವ ಸಾಲು ಹುಡುಕಿ. ಅದು ಸಾಮಾನ್ಯವಾಗಿ ಡಾಲರಿನಲ್ಲಿ ಇರುವುದಿಲ್ಲ, ಶೇಕಡಾವಾರಿನಲ್ಲಿ ಇರುತ್ತದೆ. ಶೇ. 2 ಅಂದರೆ ಸಣ್ಣದು ಅನ್ನಿಸುತ್ತದೆ. 4,00,000 ಡಾಲರಿಗೆ ಇನ್ಶೂರ್ ಮಾಡಿದ ಮನೆಗೆ ಅದು 8,000 ಡಾಲರ್. ಅಷ್ಟು ನಿಮ್ಮ ಜೇಬಿನಿಂದ ಹೋದ ಮೇಲೆಯೇ ಕಂಪನಿಯ ಸರದಿ. ಟೆಕ್ಸಸ್‌ನ ಕಡಲಂಚಿನ ಕೌಂಟಿಗಳಲ್ಲಿ ಎಷ್ಟೋ ಮನೆಗಳಿಗೆ ಗಾಳಿಗೇ ಬೇರೆ ಪಾಲಿಸಿ ಬೇಕಾಗುತ್ತದೆ, ಅದನ್ನೂ ಕೇಳಿಕೊಳ್ಳಿ. ಕಾರಿಗೆ ಕಡಿಮೆ ಕಂತಿನ 'ಲಯಬಿಲಿಟಿ ಮಾತ್ರ' ಪಾಲಿಸಿ ಇದ್ದರೆ, ಮುಳುಗಿದ ಕಾರಿಗೆ ಏನೂ ಸಿಗುವುದಿಲ್ಲ. 'ಕಾಂಪ್ರಹೆನ್ಸಿವ್' ಇರಬೇಕು.

ಅದೇ ದಿನ ಇನ್ನೊಂದು ಕೆಲಸ. ಫೋನ್ ಹಿಡಿದು ಇಡೀ ಮನೆ ವಿಡಿಯೊ ಮಾಡಿ. ಕಪಾಟು ತೆಗೆದು, ಡ್ರಾಯರ್ ಎಳೆದು, ಟಿವಿ ಹಿಂದಿನ ಸೀರಿಯಲ್ ನಂಬರ್ ತೋರಿಸಿ, ರೇಷ್ಮೆ ಸೀರೆಗಳ ಮಡಿಕೆ ಸಹಿತ. ಕ್ಲೌಡ್‌ಗೆ ಹಾಕಿ. ಹತ್ತು ನಿಮಿಷದ ಕೆಲಸ. ನಾವು 2017ರಲ್ಲಿ ಇದನ್ನು ಮಾಡಿರಲಿಲ್ಲ. ಮನೆಯಲ್ಲಿ ಏನೇನಿತ್ತು ಅಂತ ನೆನಪಿನಿಂದ ಪಟ್ಟಿ ಬರೆಯಲು ಗಂಡ ಹೆಂಡತಿ ಎರಡು ವಾರ ಜಗಳವಾಡಿದೆವು.

ಹೆಜ್ಜೆ 3: ಕಾಗದದ ಚೀಲ

ನೀರು ಹೋಗದ ಝಿಪ್ ಚೀಲ ಒಂದು. ಅದರೊಳಗೆ ಎಲ್ಲರ ಪಾಸ್‌ಪೋರ್ಟ್, ಒಸಿಐ ಕಾರ್ಡ್, ಐ-797 (ವೀಸಾ ಮಂಜೂರಾದ ಪತ್ರ), ಗ್ರೀನ್ ಕಾರ್ಡ್, ಮಕ್ಕಳ ಬರ್ತ್ ಸರ್ಟಿಫಿಕೇಟ್, ಇನ್ಶೂರೆನ್ಸ್ ಪಾಲಿಸಿ ನಂಬರ್, ಮನೆ-ಕಾರಿನ ಕಾಗದ. ವೀಸಾ ಮೇಲಿರುವವರಿಗೆ ಈ ಚೀಲ ಒಡವೆ ಡಬ್ಬಿಗಿಂತ ದೊಡ್ಡದು. ಒಡವೆ ಇನ್ನೊಮ್ಮೆ ಮಾಡಿಸಬಹುದು. ಒದ್ದೆಯಾದ ಪಾಸ್‌ಪೋರ್ಟ್ ಹಿಡಿದು ಸ್ಟಾಂಪಿಂಗ್‌ಗೆ ಅಲೆಯುವುದು ಯಾರಿಗೂ ಬೇಡ. ಎಲ್ಲದರ ಫೋಟೊ ಊರಲ್ಲಿರುವ ತಮ್ಮನಿಗೋ ಅಕ್ಕನಿಗೋ ಕಳಿಸಿಡಿ. ಜೊತೆಗೆ ಚಿಲ್ಲರೆ ನೋಟು. ಕರೆಂಟಿಲ್ಲದ ಊರಲ್ಲಿ ಕಾರ್ಡ್ ಉಜ್ಜುವವರಿಲ್ಲ.

ಹೆಜ್ಜೆ 4: ನೀರು

ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್. ಸರಕಾರ ಕನಿಷ್ಠ ಮೂರು ದಿನಕ್ಕೆ ಅನ್ನುತ್ತದೆ. ಏಳು ದಿನಕ್ಕೆ ಇಡಿ ಅಂತ ನಾನು ಹೇಳುತ್ತೇನೆ. ನಾಲ್ಕು ಜನಕ್ಕೆ 28 ಗ್ಯಾಲನ್, ಅಂದರೆ ನೂರು ಲೀಟರ್ ದಾಟುತ್ತದೆ. ವಾರಕ್ಕೆ ಒಂದು ಕ್ರೇಟ್ ಹಾಗೆ ಮೇ ತಿಂಗಳಿಂದ ತಂದಿಟ್ಟರೆ ಹೊರೆಯಾಗುವುದಿಲ್ಲ.

ಇದು ಕುಡಿಯಲು, ಅಡುಗೆಗೆ. ಕಕ್ಕಸಿಗೆ ಬೇರೆ ನೀರು ಬೇಕು. ಬಾತ್‌ಟಬ್ ತುಂಬಿಸಿ. ಅದರ ತೂತಿನ ಮುಚ್ಚಳ ಸೋರಿ ರಾತ್ರಿಯೊಳಗೆ ಟಬ್ ಖಾಲಿಯಾಗಬಹುದು, ಮುಚ್ಚಳದ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಒತ್ತಿಡಿ. ಅಂಬೆಗಾಲಿನ ಮಗು ಇದ್ದರೆ ಬಾತ್‌ರೂಮ್ ಬಾಗಿಲು ಚಿಲಕ ಹಾಕಿರಲಿ. ಇನ್ನು, ನಿಮ್ಮ ಗ್ಯಾರೇಜಿನಲ್ಲೋ ಅಟ್ಟದಲ್ಲೋ ಇರುವ ವಾಟರ್ ಹೀಟರ್‌ನಲ್ಲಿ 40-50 ಗ್ಯಾಲನ್ ಒಳ್ಳೆಯ ನೀರು ಯಾವಾಗಲೂ ಇರುತ್ತದೆ. ಬಿರುಗಾಳಿಯಾದ ಮೇಲೆ ಕರೆಂಟ್ ಅಥವಾ ಗ್ಯಾಸ್ ಆರಿಸಿ, ನೀರು ತಣ್ಣಗಾದ ಮೇಲೆ ಕೆಳಗಿನ ನಲ್ಲಿಯಿಂದ ಹಿಡಿಯಬಹುದು.

ನಲ್ಲಿ ನೀರು ಕುದಿಸಿ ಕುಡಿಯಿರಿ ಅಂತ ಸೂಚನೆ ಬಂದಾಗ ಒಲೆಯೇ ಹತ್ತದಿದ್ದರೆ? ಸುವಾಸನೆ ಬೆರೆಸದ ಮಾಮೂಲಿ ಬ್ಲೀಚ್ ಇಟ್ಟುಕೊಂಡಿರಿ. ಶೇ. 6ರ ಬ್ಲೀಚ್ ಆದರೆ ಗ್ಯಾಲನ್‌ಗೆ 8 ಹನಿ, ಶೇ. 8.25ರದ್ದಾದರೆ 6 ಹನಿ. ಕಲಕಿ ಅರ್ಧ ಗಂಟೆ ಬಿಡಿ.

ಹೆಜ್ಜೆ 5: ಅಡುಗೆಮನೆ

ಈ ಒಂದು ವಿಷಯದಲ್ಲಿ ನಾವು ಅದೃಷ್ಟವಂತರು. ಇಲ್ಲಿಯ ಕರಪತ್ರಗಳು ಡಬ್ಬಿಯ ಬೀನ್ಸು, ಟ್ಯೂನಾ ಅನ್ನುತ್ತವೆ. ನಮ್ಮ ಮನೆಗಳಲ್ಲಿ ಒಲೆ ಹಚ್ಚದೆ ವಾರ ತಳ್ಳುವ ಅಡುಗೆ ತಲೆಮಾರುಗಳಿಂದ ಇದೆ.

ಮೊದಲನೆಯದು ಅವಲಕ್ಕಿ. ತೆಳು ಅವಲಕ್ಕಿಗೆ ನೀರೂ ಬೇಡ. ಎಣ್ಣೆ, ಮೆಣಸಿನಪುಡಿ, ಉಪ್ಪು, ಸ್ವಲ್ಪ ಬೆಲ್ಲ ಕಲಸಿದರೆ ಆಯಿತು. ಗಟ್ಟಿ ಅವಲಕ್ಕಿ ತಣ್ಣೀರಲ್ಲೇ ನೆನೆಯುತ್ತದೆ. ಮೇಲೆ ಗೊಜ್ಜು, ಇಲ್ಲಾ ಮೊದಲ ದಿನವಾದರೆ ಮೊಸರು. ಎರಡನೆಯದು ಜೋಳದ ಕಡಕ್ ರೊಟ್ಟಿ. ಉತ್ತರ ಕರ್ನಾಟಕದ ಗೆಳೆಯರಿದ್ದರೆ ಜೂನ್‌ನಲ್ಲೇ ಸ್ನೇಹ ಗಟ್ಟಿ ಮಾಡಿಕೊಳ್ಳಿ. ಊರಿಂದ ಬಂದ ಒಂದು ಕಟ್ಟು ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇದ್ದರೆ ಕರೆಂಟ್ ಯಾವಾಗ ಬಂದರೂ ಬರಲಿ. ಹುರಿಹಿಟ್ಟು, ಮಂಡಕ್ಕಿ, ಹುರಿಗಡಲೆ, ಬೆಲ್ಲ, ಕೊಬ್ಬರಿ, ಬಾಳೆಹಣ್ಣು, ಹಾಲಿನ ಪುಡಿ, ಉಪ್ಪಿನಕಾಯಿ. ಮಕ್ಕಳಿಗೆ ಅವರು ತಿನ್ನುವ ಸೀರಿಯಲ್ ಇಡಿ. ಬಿರುಗಾಳಿ ಹೊತ್ತಲ್ಲಿ ಹುರಿಹಿಟ್ಟಿನ ಪಾಠ ಬೇಡ.

ಒಂದು ತಪ್ಪು ನಾನು ಮಾಡಿದ್ದು: ಅಕ್ಕಿ, ಬೇಳೆ ಹತ್ತು ಹತ್ತು ಕೆಜಿ ತಂದಿಟ್ಟೆ. ನಮ್ಮದು ಕರೆಂಟ್ ಒಲೆ. ಬೇಯಿಸುವುದು ಹೇಗೆ? ನಿಮ್ಮದು ಗ್ಯಾಸ್ ಒಲೆಯಾದರೆ ಸಾಮಾನ್ಯವಾಗಿ ಮೇಲಿನ ಬರ್ನರ್‌ಗಳನ್ನು ಬೆಂಕಿಕಡ್ಡಿಯಿಂದ ಹಚ್ಚಬಹುದು. ಓವನ್ ಬೇಡ. ಕರೆಂಟ್ ಒಲೆಯವರು ಒಂದು ಕ್ಯಾಂಪ್ ಸ್ಟವ್ ಇಟ್ಟುಕೊಳ್ಳಿ, ಅದನ್ನು ಮನೆಯ ಹೊರಗೇ ಹಚ್ಚಿ. ಇದ್ದಿಲ ಗ್ರಿಲ್ ಅಂತೂ ಯಾವ ಕಾರಣಕ್ಕೂ ಒಳಗೆ ಬರಬಾರದು. ಕೈಯಲ್ಲಿ ತಿರುಗಿಸುವ ಡಬ್ಬಿ ತೆರೆಯುವ ಸಾಧನ ಮರೆಯಬೇಡಿ.

ಫ್ರಿಜ್ ವಿಷಯ. ಬಾಗಿಲು ತೆಗೆಯದಿದ್ದರೆ ಫ್ರಿಜ್ 4 ಗಂಟೆ ತಂಪಿರುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಹಾಗಾಗಿ ಖಾಲಿ ಜಾಗಕ್ಕೆಲ್ಲ ನೀರಿನ ಬಾಟಲಿ ತುಂಬಿ ಹೆಪ್ಪುಗಟ್ಟಿಸಿ. ಒಂದು ಲೋಟದಲ್ಲಿ ನೀರು ಐಸ್ ಮಾಡಿ, ಮೇಲೆ ಒಂದು ನಾಣ್ಯ ಇಟ್ಟು ಫ್ರೀಜರಿನಲ್ಲಿಡಿ. ಮನೆ ಬಿಟ್ಟು ಹೋಗಿ ವಾಪಸ್ ಬಂದಾಗ ನಾಣ್ಯ ಮೇಲೇ ಇದ್ದರೆ ಸರಿ. ತಳಕ್ಕೆ ಹೋಗಿದ್ದರೆ ಎಲ್ಲಾ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ, ಎಸೆಯಿರಿ. ತುರಿದಿಟ್ಟ ಕಾಯಿ, ದೋಸೆ ಹಿಟ್ಟು ಎಸೆಯುವಾಗ ಹೊಟ್ಟೆ ಉರಿಯುತ್ತದೆ. ಆದರೂ ಎಸೆಯಿರಿ.

ಹೆಜ್ಜೆ 6: ಕರೆಂಟು

"ಕರೆಂಟ್ ಹೋದರೆ ಏನಂತೆ, ನಾವು ಲೋಡ್ ಶೆಡ್ಡಿಂಗ್‌ನಲ್ಲಿ ಬೆಳೆದವರು" ಅನ್ನುವ ಮಾತು ನಾನೂ ಆಡಿದ್ದೇನೆ. 2024ರ ಜುಲೈ 8ಕ್ಕೆ ಬೆರಿಲ್ ಬಂತು. ಲೆಕ್ಕಕ್ಕೆ ಅದು ಬರೀ ಒಂದನೇ ದರ್ಜೆಯ ಹರಿಕೇನ್. ಹ್ಯೂಸ್ಟನ್ ಸುತ್ತಮುತ್ತ 20 ಲಕ್ಷಕ್ಕೂ ಹೆಚ್ಚು ಮನೆ-ಅಂಗಡಿಗಳಿಗೆ ಕರೆಂಟ್ ಹೋಯಿತು. ಕೆಲವರಿಗೆ ಒಂದು ವಾರ ದಾಟಿತು. ಜುಲೈ ಸೆಖೆ. ಇಲ್ಲಿಯ ಮನೆಗಳಿಗೆ ಗಾಳಿಯಾಡುವ ಎದುರುಬದುರು ಕಿಟಕಿ ಇಲ್ಲ, ಜಗಲಿ ಇಲ್ಲ. ಎಸಿ ನಿಂತರೆ ಮನೆ ಕುಕ್ಕರ್ ಆಗುತ್ತದೆ. ಹಳೆಯ ಹಂಚಿನ ಮನೆಯ ಅನುಭವ ಇಲ್ಲಿ ನಡೆಯುವುದಿಲ್ಲ.

ಜನರೇಟರ್ ಕೊಳ್ಳುವುದಾದರೆ ಒಂದೇ ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಅದನ್ನು ಗ್ಯಾರೇಜಿನಲ್ಲಿ ಓಡಿಸಬೇಡಿ. ಗ್ಯಾರೇಜ್ ಬಾಗಿಲು ಪೂರ್ತಿ ತೆರೆದಿದ್ದರೂ ಬೇಡ. ಮನೆಯಿಂದ ಕನಿಷ್ಠ 20 ಅಡಿ ದೂರ, ಹೊಗೆಯ ಬಾಯಿ ಮನೆಯ ಕಡೆಗಲ್ಲ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ. ಗಾಳಿಯಲ್ಲಿ ಸಾಯುವವರಿಗಿಂತ ಬೇರೆಯೇ ಸಾಲು ಇದು, ಬಿರುಗಾಳಿ ದಾಟಿ ಬದುಕಿದವರ ಸಾವು. ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಮಲಗುವ ಕೋಣೆ ಹತ್ತಿರ ಇರಲೇಬೇಕು. ಜನರೇಟರ್ ವೈರನ್ನು ಗೋಡೆಯ ಸಾಕೆಟ್‌ಗೆ ಚುಚ್ಚುವ ಜಾಣತನ ಬೇಡ. ಆ ಕರೆಂಟ್ ಲೈನಿಗೆ ವಾಪಸ್ ಹೋಗಿ ಕಂಬದ ಮೇಲಿರುವ ಲೈನ್‌ಮನ್‌ನ ಜೀವ ತೆಗೆಯುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ, ಮನೆಯನ್ನು ಹೊರಗಿನ ಲೈನಿನಿಂದ ಬೇರೆ ಮಾಡುವ ಟ್ರಾನ್ಸ್‌ಫರ್ ಸ್ವಿಚ್ ಹಾಕಿಸಿ.

ಅಷ್ಟೆಲ್ಲ ಬೇಡ ಅನ್ನುವವರಿಗೆ, ಊರಿನ ಯುಪಿಎಸ್ ತರಹದ ದೊಡ್ಡ ಬ್ಯಾಟರಿ ಪೆಟ್ಟಿಗೆಗಳು ಸಿಗುತ್ತವೆ. ಒಂದು ಫ್ಯಾನ್, ಫೋನುಗಳು, ವೈಫೈ ನಡೆಯುತ್ತವೆ. ಹೊಗೆಯಿಲ್ಲ, ಮನೆಯೊಳಗೇ ಇಡಬಹುದು. ನಾವು ಬೆರಿಲ್ ಆದ ಮೇಲೆ ಇದನ್ನೇ ಕೊಂಡೆವು. ಬೆಳಕಿಗೆ ಟಾರ್ಚ್, ಎಲ್‌ಇಡಿ ಲಾಂದ್ರ. ದೇವರ ದೀಪ ಹಚ್ಚಿ, ಬೇಡ ಅನ್ನುವುದಿಲ್ಲ, ಆದರೆ ಎಲ್ಲರೂ ಮಲಗುವ ಮೊದಲು ಆರಿಸಿ. ಫೈರ್ ಎಂಜಿನ್ ಬರಲಾಗದ ರಾತ್ರಿ ಅದು.

ಹೆಜ್ಜೆ 7: ಮನೆಯ ಸುತ್ತ

ಕಿಟಕಿಗೆ ಅಡ್ಡಡ್ಡ ಟೇಪ್ ಅಂಟಿಸುವುದು ಹಳೆಯ ನಂಬಿಕೆ. ಗಾಜು ಒಡೆಯುವುದನ್ನು ಅದು ತಡೆಯುವುದಿಲ್ಲ, ದೊಡ್ಡ ದೊಡ್ಡ ಚೂರಾಗಿ ಬೀಳುವ ಹಾಗೆ ಮಾಡುತ್ತದೆ. ಶಟರ್ ಇಲ್ಲದಿದ್ದರೆ 5/8 ಇಂಚಿನ ಪ್ಲೈವುಡ್. ಮೇ ತಿಂಗಳಲ್ಲೇ ಅಳತೆಗೆ ಕೊಯ್ಸಿ, ತೂತು ಹಾಕಿ, 'ಅಡುಗೆಮನೆ ಎಡ' ಎಂದು ಬರೆದಿಡಿ. ಗ್ಯಾರೇಜ್ ಬಾಗಿಲು ಮನೆಯ ಬಡಪಾಯಿ ಅಂಗ. ಅದು ಒಳಕ್ಕೆ ಬಾಗಿದರೆ ನುಗ್ಗಿದ ಗಾಳಿ ಸೂರನ್ನು ಕೆಳಗಿಂದ ಎತ್ತುತ್ತದೆ. ಹಳೆಯ ಬಾಗಿಲಾದರೆ ಆಸರೆ ಪಟ್ಟಿ ಹಾಕಿಸಿ. ಮರದ ಕೊಂಬೆಗಳನ್ನು ಬೇಸಿಗೆಯ ಮೊದಲೇ ಕಡಿಸಿ. ಬಿರುಗಾಳಿ ಹಿಂದಿನ ದಿನ ಕಡಿದರೆ ಆ ಕೊಂಬೆಗಳೇ ಬೀದಿಯಲ್ಲಿ ಹಾರುತ್ತವೆ.

ಕರಿಬೇವಿನ ಕುಂಡ, ತುಳಸಿ, ಮಲ್ಲಿಗೆ, ಉಯ್ಯಾಲೆ, ಕಸದ ಡಬ್ಬಿ, ಎಲ್ಲಾ ಒಳಗೆ. ನಾಲ್ಕು ವರ್ಷ ಸಾಕಿದ ಕರಿಬೇವು ಅಂತ ಪ್ರೀತಿಗಲ್ಲ, ಆ ಕುಂಡ ಪಕ್ಕದ ಮನೆಯವರ ಕಿಟಕಿಗೆ ಗುಂಡಿನ ಹಾಗೆ ಹೋಗುತ್ತದೆ ಅಂತ. ಸರಿ, ಪ್ರೀತಿಗೂ ಹೌದು.

ಹೆಜ್ಜೆ 8: ಊರಿಂದ ಬಂದ ಹಿರಿಯರು

ಔಷಧಿ ಎಷ್ಟು ದಿನಕ್ಕಿದೆ ಎಣಿಸಿ. ಊರಿಂದ ತಂದ ಮಾತ್ರೆಗಳ ಹೆಸರು ಇಲ್ಲಿಯ ಫಾರ್ಮಸಿಗೆ ತಿಳಿಯುವುದಿಲ್ಲ. ಮಾತ್ರೆಯ ಒಳಗಿನ ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ ಅನ್ನುವುದನ್ನು ಚೀಟಿಯಲ್ಲಿ ಬರೆದು ಕಾಗದದ ಚೀಲಕ್ಕೆ ಹಾಕಿ. ಇನ್ಸುಲಿನ್ ಫ್ರಿಜ್ ಇಲ್ಲದೆಯೂ 59ರಿಂದ 86 ಡಿಗ್ರಿ ಫ್ಯಾರನ್‌ಹೀಟ್ ಒಳಗೆ 28 ದಿನದವರೆಗೆ ನಡೆಯುತ್ತದೆ. ಆದರೆ ಎಸಿ ನಿಂತ ಮನೆ 86 ದಾಟುತ್ತದೆ. ಐಸ್ ಪೆಟ್ಟಿಗೆಯಲ್ಲಿಡಿ, ಐಸಿಗೆ ನೇರ ತಾಕದ ಹಾಗೆ ಬಟ್ಟೆ ಸುತ್ತಿ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಫೋನಿಗೆ ಬರುವ ತುರ್ತು ಎಚ್ಚರಿಕೆಯ ಆ ಕರ್ಕಶ ಸದ್ದನ್ನು ಮೊದಲೇ ಅವರಿಗೆ ಕೇಳಿಸಿ, ಅದೇನೆಂದು ಹೇಳಿ. ನಮ್ಮ ಅತ್ತೆ ಆ ಸದ್ದಿಗೆ ಹೆದರಿದಷ್ಟು ಮಳೆಗೆ ಹೆದರಲಿಲ್ಲ.

ಹೆಜ್ಜೆ 9: ಸುದ್ದಿ ಓದುವ ಬಗೆ

ಮಯಾಮಿಯ ನ್ಯಾಷನಲ್ ಹರಿಕೇನ್ ಸೆಂಟರ್ ಆರು ಗಂಟೆಗೊಮ್ಮೆ ವರದಿ ಕೊಡುತ್ತದೆ. ಅದನ್ನೇ ನೋಡಿ. ವಾಟ್ಸಾಪ್ ಗುಂಪಿನಲ್ಲಿ ಬರುವ ಕೆಂಪು ಕೆಂಪು ನಕ್ಷೆ ಯಾವ ವರ್ಷದ್ದೋ ದೇವರೇ ಬಲ್ಲ.

ನಕ್ಷೆಯ ಮೇಲಿನ ಬಿಳಿ ಶಂಕುವನ್ನು ಬಹಳ ಜನ ತಪ್ಪು ಓದುತ್ತಾರೆ. ಬಿರುಗಾಳಿಯ ನಡುಬಿಂದು ಎಲ್ಲಿ ಹೋಗಬಹುದು ಅನ್ನುವುದನ್ನಷ್ಟೇ ಅದು ತೋರಿಸುತ್ತದೆ. ಮೂರರಲ್ಲಿ ಒಂದು ಸಲ ನಡುಬಿಂದು ಶಂಕುವಿನ ಹೊರಗೂ ಹೋಗುತ್ತದೆ. ಬಿರುಗಾಳಿಯ ಮೈ ಅದಕ್ಕಿಂತ ಎಷ್ಟೋ ಅಗಲ. 'ಶಂಕುವಿನ ಹೊರಗಿದ್ದೇವೆ' ಅಂದರೆ ಪಾರಾದೆವು ಅಂತಲ್ಲ. ಸಾಗುವ ದಿಕ್ಕಿನ ಬಲಭಾಗದಲ್ಲಿ ಸಾಮಾನ್ಯವಾಗಿ ಹೊಡೆತ ಜಾಸ್ತಿ.

'ವಾಚ್' ಅಂದರೆ ಸುಮಾರು 48 ಗಂಟೆ ಮುಂಚಿನ ಸೂಚನೆ. 'ವಾರ್ನಿಂಗ್' ಅಂದರೆ ಸುಮಾರು 36 ಗಂಟೆ. ವಾಚ್ ಬಂದಾಗಲೇ ಕಾರಿಗೆ ಪೆಟ್ರೋಲ್ ತುಂಬಿಸಿ, ಎಲೆಕ್ಟ್ರಿಕ್ ಕಾರಾದರೆ ಪೂರ್ತಿ ಚಾರ್ಜ್ ಮಾಡಿ.

ಇನ್ನು ಒಂದರಿಂದ ಐದರವರೆಗಿನ ದರ್ಜೆ. ಒಂದನೆಯದು ಗಂಟೆಗೆ 74 ಮೈಲಿಯಿಂದ, ಐದನೆಯದು 157ರಿಂದ ಶುರು. ಅದು ಗಾಳಿಯ ಲೆಕ್ಕ ಮಾತ್ರ. ನೀರಿನ ಮಾತೇ ಅದರಲ್ಲಿಲ್ಲ. ಹಾರ್ವಿ ಹ್ಯೂಸ್ಟನ್ ಮುಳುಗಿಸುವ ಹೊತ್ತಿಗೆ ಅದು ಹರಿಕೇನ್ ಕೂಡ ಆಗಿರಲಿಲ್ಲ, ಒಂದು ದರ್ಜೆ ಕೆಳಗಿನ 'ಟ್ರಾಪಿಕಲ್ ಸ್ಟಾರ್ಮ್' ಆಗಿತ್ತು.

ಹೆಜ್ಜೆ 10: ಹೋಗೋದಾ, ಇರೋದಾ

ಇಲ್ಲಿಯವರ ಒಂದು ಮಾತಿದೆ: ನೀರಿಗೆ ಓಡು, ಗಾಳಿಗೆ ಅವಿತುಕೋ. ಗಾಳಿ ತಳ್ಳಿಕೊಂಡು ಬರುವ ಕಡಲ ನೀರಿಗೆ ಸ್ಟಾರ್ಮ್ ಸರ್ಜ್ ಅನ್ನುತ್ತಾರೆ. 2005ರ ಕತ್ರೀನಾದಲ್ಲಿ ಮಿಸಿಸಿಪ್ಪಿ ದಡದಲ್ಲಿ ಅದು 28 ಅಡಿಯ ಹತ್ತಿರ ಬಂದಿತ್ತು. ಎರಡು ಮಹಡಿ ಮನೆಯ ಮಾಡಿನ ಎತ್ತರ. ನಿಮ್ಮ ಝೋನಿಗೆ ಹೊರಡಿ ಅಂದರೆ ಚರ್ಚೆ ಬೇಡ, ಹೊರಡಿ.

ನಿಮ್ಮ ಝೋನಿಗೆ ಹೇಳಿಲ್ಲದಿದ್ದರೆ, ಮನೆ ಗಟ್ಟಿಯಿದ್ದರೆ, ಸುಮ್ನೆ ಭಯಕ್ಕೆ ಹೆದ್ದಾರಿಗೆ ಇಳಿಯಬೇಡಿ. ಕತ್ರೀನಾ ಆದ ಮೂರೇ ವಾರಕ್ಕೆ ರೀಟಾ ಬರುತ್ತಿದೆ ಅಂದಾಗ ಹ್ಯೂಸ್ಟನ್‌ಗೆ ಹ್ಯೂಸ್ಟನ್ನೇ ಹೊರಟಿತು. ಕಾರುಗಳು ನೂರು ಮೈಲಿ ಸಾಲು ನಿಂತವು. ಸೆಖೆಗೆ ಜನ ಸತ್ತರು. ವೃದ್ಧಾಶ್ರಮದವರನ್ನು ಒಯ್ಯುತ್ತಿದ್ದ ಬಸ್ಸಿಗೆ ಡಲಾಸ್ ಹತ್ತಿರ ಬೆಂಕಿ ಬಿದ್ದು 23 ಮಂದಿ ಹೋದರು. ಕಡಲಂಚಿನಿಂದ ಬರುವವರಿಗೆ ದಾರಿ ಬಿಡುವುದೂ ಒಂದು ಸಹಾಯವೇ.

ಹೊರಡುವವರಿಗೆ: ನೂರಾರು ಮೈಲಿ ಬೇಡ, ನೀರು ಬರದ ಕಡೆಗೆ ಹತ್ತಾರು ಮೈಲಿ ಸಾಕಾಗಬಹುದು. ಆಸ್ಟಿನ್‌ನಲ್ಲೋ ಸ್ಯಾನ್ ಆಂಟೋನಿಯೊದಲ್ಲೋ ಗೆಳೆಯರಿದ್ದರೆ ಮೇ ತಿಂಗಳಲ್ಲೇ ಕೇಳಿಟ್ಟುಕೊಳ್ಳಿ. "ಬಂದರೆ ನಾಲ್ಕು ಜನ ಬರುತ್ತೇವೆ ಕಣ್ರೀ" ಅಂತ ಹೇಳಿಕೊಂಡವರಿಗೆ ರಾತ್ರಿ ಎರಡಕ್ಕೆ ಬಾಗಿಲು ತಟ್ಟಲು ಸಂಕೋಚವಿರುವುದಿಲ್ಲ.

ಹೆಜ್ಜೆ 11: ಆ ರಾತ್ರಿ

ಕಿಟಕಿಯಿಲ್ಲದ ಒಳಕೋಣೆ, ಕೆಳಮಹಡಿ. ನೀರು ಏರಿದರೆ ಮೇಲ್ಮಹಡಿ. ಆದರೆ ಹೊರದಾರಿಯಿಲ್ಲದ ಅಟ್ಟಕ್ಕೆ ಹತ್ತಬೇಡಿ. ಕತ್ರೀನಾದಲ್ಲಿ ಹಾಗೆ ಹತ್ತಿದವರು ಅಲ್ಲೇ ಸಿಕ್ಕಿಕೊಂಡರು. ನಡುವೆ ಗಾಳಿ ಥಟ್ಟನೆ ನಿಂತು ಆಕಾಶ ತಿಳಿಯಾದರೆ ಹೊರಗೆ ಬರಬೇಡಿ. ಅದು ಬಿರುಗಾಳಿಯ ಕಣ್ಣು. ಸ್ವಲ್ಪ ಹೊತ್ತಿಗೆ ಎದುರು ದಿಕ್ಕಿನಿಂದ ಶುರುವಾಗುತ್ತದೆ. ಎಲ್ಲರೂ ಚಪ್ಪಲಿಯಲ್ಲ, ಶೂ ಹಾಕಿಕೊಂಡು ಮಲಗಿ. ಒಡೆದ ಗಾಜಿನ ಮೇಲೆ ನಡೆಯಬೇಕಾಗಬಹುದು.

ನೀರು ನಿಂತ ರಸ್ತೆಗೆ ಕಾರು ಇಳಿಸಬೇಡಿ. ಹರಿಯುವ ನೀರು ಆರು ಇಂಚಿದ್ದರೆ ಆಳು ಬೀಳುತ್ತಾನೆ, ಒಂದು ಅಡಿಗೆ ಸಣ್ಣ ಕಾರು ತೇಲುತ್ತದೆ, ಎರಡು ಅಡಿಗೆ ಹೆಚ್ಚುಕಡಿಮೆ ಎಲ್ಲ ವಾಹನವೂ.

ಹೆಜ್ಜೆ 12: ನೀರಿಳಿದ ಮೇಲೆ

ಏನನ್ನೂ ಎಸೆಯುವ ಮೊದಲು ಫೋಟೊ. ಗೋಡೆಯ ಮೇಲಿನ ನೀರಿನ ಗೆರೆಯ ಫೋಟೊ, ಅಳತೆ ಟೇಪ್ ಹಿಡಿದು. ಇನ್ಶೂರೆನ್ಸ್‌ಗೆ ಅದೇ ದಿನ ಫೋನ್ ಮಾಡಿ. ಆಮೇಲೆ ತಡ ಮಾಡದೆ ಒದ್ದೆ ಕಾರ್ಪೆಟ್, ಒದ್ದೆ ಗೋಡೆಯ ಹಲಗೆ ಕಿತ್ತು ಹಾಕಿ. 24ರಿಂದ 48 ಗಂಟೆಯೊಳಗೆ ಬೂಷ್ಟು ಶುರುವಾಗುತ್ತದೆ. ಗ್ಲೌಸ್, ಮಾಸ್ಕ್, ಬೂಟು ಬೇಕೇ ಬೇಕು. ಆ ನೀರಲ್ಲಿ ಚರಂಡಿಯಿದೆ, ಹಾವಿರಬಹುದು. ಇಲ್ಲಿಯ ಕೆಂಪಿರುವೆಗಳು ಉಂಡೆ ಕಟ್ಟಿ ನೀರ ಮೇಲೆ ತೇಲಿಕೊಂಡು ಬರುತ್ತವೆ. ಮಣ್ಣಿನ ಹೆಂಟೆ ಅಂತ ಮುಟ್ಟಿದವರಿಗೆ ಗೊತ್ತು ಆ ಉರಿ. ಬಿದ್ದ ವೈರಿನ ಹತ್ತಿರದ ನೀರಿಗೆ ಕಾಲಿಡಬೇಡಿ.

ಬಾಗಿಲಿಗೆ ಬಂದು "ಸೂರು ರಿಪೇರಿ, ಇವತ್ತೇ ಸಹಿ ಹಾಕಿ" ಅನ್ನುವವರಿಗೆ ಸಹಿ ಹಾಕಬೇಡಿ. ಮುಂಗಡವಾಗಿ ಪೂರ್ತಿ ದುಡ್ಡು ಯಾರಿಗೂ ಕೊಡಬೇಡಿ.

ಫೀಮಾ (ಅಮೆರಿಕ ಸರಕಾರದ ವಿಪತ್ತು ಪರಿಹಾರ ಸಂಸ್ಥೆ) ಸಹಾಯದ ಬಗ್ಗೆ ಎಚ್-1ಬಿ ಕೆಲಸದ ವೀಸಾದವರು ಕೇಳುತ್ತಿರುತ್ತಾರೆ. ತುರ್ತು ಆಶ್ರಯ, ಊಟ, ನೀರಿಗೆ ನಿಮ್ಮ ವೀಸಾ ಅಡ್ಡಿಯಿಲ್ಲ. ನಗದು ಸಹಾಯ ಮಾತ್ರ ಸಾಮಾನ್ಯವಾಗಿ ಅಮೆರಿಕದ ನಾಗರಿಕರಿಗೆ, ಗ್ರೀನ್ ಕಾರ್ಡಿನವರಿಗೆ ಮತ್ತು ಅಂಥ ಕೆಲವರಿಗೆ. ಎಚ್-1ಬಿ ಅದರಲ್ಲಿ ಬರುವುದಿಲ್ಲ. ಆದರೆ ಮನೆಯಲ್ಲಿ ಇಲ್ಲೇ ಹುಟ್ಟಿದ, 18 ತುಂಬದ ಮಗು ಇದ್ದರೆ ಮಗುವಿನ ಪರವಾಗಿ ಅಪ್ಪ ಅಮ್ಮ ಅರ್ಜಿ ಹಾಕಲು ಅವಕಾಶವಿದೆ. ಇದು ತಿಳಿಯದೆ ಎಷ್ಟೋ ಮನೆಯವರು ಕೇಳದೆಯೇ ಬಿಟ್ಟರು. ನಿಯಮ ಬದಲಾಗುತ್ತಿರುತ್ತದೆ, ಅರ್ಜಿಗೆ ಮುಂಚೆ ಆ ವರ್ಷದ್ದನ್ನು ನೋಡಿಕೊಳ್ಳಿ.

ಡಿಸೆಂಬರ್ ಬಂದ ಮೇಲೆ

ಜನರೇಟರ್ ಟ್ಯಾಂಕ್ ಒಣಗುವವರೆಗೆ ಓಡಿಸಿ ನಿಲ್ಲಿಸಿ. ಕ್ಯಾನಿನಲ್ಲಿ ಉಳಿದ ಪೆಟ್ರೋಲನ್ನು ಕಾರಿಗೆ ಹಾಕಿಬಿಡಿ, ವರ್ಷಗಟ್ಟಲೆ ಇಟ್ಟರೆ ಕೆಡುತ್ತದೆ. ಟಾರ್ಚಿನ ಬ್ಯಾಟರಿ ಹೊರಗೆ ತೆಗೆಯಿರಿ. ಫ್ಲಡ್ ಪಾಲಿಸಿ ಯಾವಾಗ ಮುಗಿಯುತ್ತದೆ ನೋಡಿ, ಅದಕ್ಕಿಂತ ಎರಡು ತಿಂಗಳು ಮುಂಚಿನ ದಿನಕ್ಕೆ ಫೋನಿನಲ್ಲಿ ಅಲಾರಂ ಇಡಿ. ಕರಿಬೇವಿನ ಕುಂಡ ಹೊರಗಿಟ್ಟಿದ್ದರೆ ಮತ್ತೆ ಒಳಗೆ ತನ್ನಿ, ಈಗ ಚಳಿಯ ಸರದಿ. ಅವಲಕ್ಕಿ ಡಬ್ಬಿ ಸಂಕ್ರಾಂತಿಯೊಳಗೆ ಖಾಲಿ ಮಾಡಿ, ಹುಳು ಹಿಡಿಯುವ ಮೊದಲು.